ಒಂದೇ ಆಫೀಸು, ಒಂದೇ ಟೈಮು

ಕೊಡೆ ಮಾರುವ ಆ ಕಂಪನಿಯಲ್ಲಿ ವೆಬ್ ಸರ್ವರ್ ನೋಡಿಕೊಳ್ಳುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸರ್ವರಣ್ಣ. ಆ ಹೆಸರು ಸುಳ್ಳೇನಲ್ಲ. ಹೋಟೆಲಿನ ಸರ್ವರಿನಂತೆಯೇ ಅವನೂ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿ, ಕೇಳಿದವರಿಗೆಲ್ಲ ಕೇಳಿದ್ದನ್ನು ಒದಗಿಸುವವನು. ‘ಇಲ್ಲ’ ಎಂಬ ಒಂದು ಐಟಂ ಮಾತ್ರ ಅವನ ಹತ್ತಿರ ಸಿಗುತ್ತಿರಲಿಲ್ಲ.

ಆ ದಿನ ಅವನಿಗೆ ಬೇಕಾಗಿದ್ದುದು ಒಂದೇ. ಸಂಜೆ ಐದಕ್ಕೆ ಮಗಳ ಶಾಲೆಯಲ್ಲಿ ನಾಟಕವಿತ್ತು. ಎರಡನೇ ಕ್ಲಾಸಿನ ಮಗಳದು ಚಂದ್ರನ ಪಾತ್ರ, ಅದೂ ಮಾತಾಡುವ ಚಂದ್ರ. ಹೋದ ವರ್ಷ ಅವಳು ಮೊಲವಾದಾಗಲೂ ಅದರ ಹಿಂದಿನ ವರ್ಷ ಮೋಡವಾದಾಗಲೂ ಅಪ್ಪ ಸರ್ವರಿನ ಮುಂದೆ ಕೂತಿದ್ದ. “ಈ ಸಲಾನೂ ಬರ್ಲಿಲ್ಲ ಅಂದ್ರೆ ಟೂ ಬಿಡ್ತೀನಿ,” ಎಂದು ಅವಳು ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿದ್ದಳು. ಮ್ಯಾನೇಜರರನ್ನು ಕೇಳಿದರೆ, “ನಾಲ್ಕಕ್ಕೆ ಹೊರಡಪ್ಪ, ಏನೂ ಕೆಟ್ಟಿರಬಾರದು ಅಷ್ಟೆ,” ಎಂದು ದೊಡ್ಡ ಮನಸ್ಸು ಮಾಡಿದರು.

ಅವನು ಖುಷಿಯಿಂದ ತನ್ನ ಕುರ್ಚಿಗೆ ಬಂದರೆ ಅಕೌಂಟ್ಸ್ ಮೇಡಂ ಕಾದು ನಿಂತಿದ್ದರು.

“ಸರ್ವರಣ್ಣ, ನಿನ್ನ ಆ ಪೆಟ್ಟಿಗೆ ವೆಬ್‌ಸೈಟ್ ಒಂದನ್ನೇ ತೋರಿಸ್ಕೊಂಡು ಆರಾಮಾಗಿ ಕೂತಿದೆಯಲ್ಲ. ನಮ್ಮ ಫೈಲುಗಳನ್ನೂ ಅದ್ರಲ್ಲೇ ಇಡೋ ಹಾಗೆ ಮಾಡಪ್ಪಾ. ಯಾರಿಗೆ ಯಾವ್ದು ಬೇಕೋ ಅವರೇ ತಗೋತಾರೆ.”

ವೆಬ್‌ಸೈಟ್ ನಡೆಸುವ ಯಂತ್ರದ ಬೆನ್ನಿಗೆ ಸಿಕ್ಕಸಿಕ್ಕ ಸೇವೆಗಳನ್ನೆಲ್ಲ ಹೇರಬಾರದು ಎಂದು ಸರ್ವರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಹೇಳಲು ಬಾಯಿಯನ್ನೂ ತೆರೆದ. ಆದರೆ ಬಾಯಿಂದ ಬಂದದ್ದು “ಆಗುತ್ತೆ ಬಿಡಿ ಮೇಡಂ” ಎಂಬ ಮಾತು.

ಸುದ್ದಿ ಗೋಡೌನಿಗೆ ಮುಟ್ಟಲು ಎಷ್ಟು ಹೊತ್ತು? ಗೋಡೌನ್ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದೇಬಿಟ್ಟ. “ಮೇಡಂಗೆ ಮಾಡ್ಕೊಟ್ಯಂತೆ. ನಾವೇನು ಪಾಪ ಮಾಡಿದ್ವಿ? ನಮ್ಮ ಪ್ರಿಂಟರನ್ನೂ ಅದಕ್ಕೇ ಸೇರಿಸಿಬಿಡು. ಮೇಲಿಂದ ಆರ್ಡರ್ ಒತ್ತಿದ್ರೆ ಕೆಳಗೆ ಚೀಟಿ ಬೀಳ್ಬೇಕು, ನೋಡು.” ಅದೂ ಆಯಿತು.

ಅಷ್ಟರಲ್ಲಿ ಮ್ಯಾನೇಜರರಿಂದ ಕರೆ ಬಂತು. ಆ ಆಫೀಸಿನ ಡಿಜಿಟಲ್ ಗಡಿಯಾರಗಳು ಒಂದರ ಮುಖ ಒಂದು ನೋಡದ ದಾಯಾದಿಗಳ ಹಾಗೆ ತಮ್ಮ ತಮ್ಮ ಟೈಮು ತೋರಿಸುತ್ತಿದ್ದವು.

“ಸಂಜೆ ಐದಕ್ಕೆ ನಾನೊಂದು ಕಡೆ ಮುಖ್ಯ ಅತಿಥಿ ಕಣಯ್ಯ. ಹೋದ ಸಲ ಈ ಗಡಿಯಾರ ನಂಬ್ಕೊಂಡು ಹೋದ್ರೆ ನನ್ನ ಕುರ್ಚೀಲಿ ಇನ್ಯಾರೋ ಕೂತಿದ್ದ. ನಿನ್ನ ಸರ್ವರ್ ಹತ್ರ ಸರಿಯಾದ ಟೈಮ್ ಇರುತ್ತಂತಲ್ಲ, ಅದನ್ನ ಎಲ್ಲಾ ಗಡಿಯಾರಕ್ಕೂ ಕಂಪ್ಯೂಟರಿಗೂ ಹಂಚೋ ಹಾಗೆ ಮಾಡು.”

ಸರ್ವರಣ್ಣ ಟೈಮ್ ಹಂಚುವ ಸೇವೆಯನ್ನೂ ಏರಿಸಿದ. ಗೋಡೆಗಳ ಮೇಲಿನ ಗಡಿಯಾರಗಳೆಲ್ಲ ಒಮ್ಮೆ ಮಿಟುಕಿ ಒಂದೇ ಗಂಟೆ ತೋರಿಸಿದವು. ಮ್ಯಾನೇಜರರಿಗೆ ಎಷ್ಟು ಹಿಗ್ಗಾಯಿತೆಂದರೆ, ಎಲ್ಲರನ್ನೂ ಸೇರಿಸಿ ಭಾಷಣವನ್ನೇ ಕೊಟ್ಟರು. “ಇನ್ಮೇಲೆ ಒಂದೇ ಆಫೀಸು, ಒಂದೇ ಟೈಮು! ವಾಚುಗಳನ್ನೂ ಇದಕ್ಕೇ ಹೊಂದಿಸ್ಕೊಳ್ಳಿ. ಮೊಬೈಲ್ ಬೇರೆ ತೋರಿಸಿದ್ರೆ ತಪ್ಪು ಮೊಬೈಲಿನದು!”

ಊಟವಾದ ಮೇಲೆ ಗ್ರಹಚಾರ ಶುರುವಾಯಿತು. ಮೇಡಂ ಕಂಪನಿಯ ಫೈಲುಗಳ ಜೊತೆ ತಂಗಿಯ ಮಗನ ಹುಟ್ಟುಹಬ್ಬದ ವಿಡಿಯೋವನ್ನೂ ಸರ್ವರಿಗೆ ಏರಿಸಿದರು. ಮಗು ಕೇಕಿನೊಳಗೆ ಮುಖ ಅದ್ದುವುದನ್ನು ಇಡೀ ಮಹಡಿ ಒಟ್ಟಿಗೆ ನೋಡತೊಡಗಿತು. ಚೀಟಿ ಬೀಳಲಿಲ್ಲವೆಂದು ಕೋಪಗೊಂಡ ಮೇಸ್ತ್ರಿ ಗುಂಡಿಯನ್ನು ಒತ್ತಿಯೇ ಒತ್ತಿದ. ಪಾಪದ ಸರ್ವರ್ ಏದುಸಿರು ಬಿಟ್ಟು, ವೆಬ್‌ಸೈಟಿನ ಸಮೇತ ಮಕಾಡೆ ಮಲಗಿತು. ಕೊಡೆ ಕೊಳ್ಳಲು ಬಂದ ಗಿರಾಕಿಗಳು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು.

ಸರ್ವರಣ್ಣ ಬೆವರು ಒರೆಸಿಕೊಳ್ಳುತ್ತ ವಿಡಿಯೋ ಕಿತ್ತುಹಾಕಿ, ಚೀಟಿಗಳ ರಾಶಿ ತೆರವು ಮಾಡಿ, ವೆಬ್‌ಸೈಟನ್ನು ಎಬ್ಬಿಸಿ ಕೂರಿಸುವ ಹೊತ್ತಿಗೆ ಮೂರೂವರೆ ದಾಟಿತ್ತು.

“ಸರ್, ಎಲ್ಲಾ ಸರಿಹೋಯ್ತು. ನಾನು ನಾಲ್ಕಕ್ಕೆ...”

“ಎಲ್ಲಿಗೆ ನಾಲ್ಕಕ್ಕೆ? ನಾನು ಹೋದ್ಮೇಲೆ ಅದು ಮತ್ತೆ ಮಲಗಿದ್ರೆ? ಐದಕ್ಕೆ ಎಲ್ರೂ ಹೊರಡೋವರೆಗೂ ನೀನು ಕದಲೋ ಹಾಗಿಲ್ಲ.”

ಅವನಿಗೆ ಅಳುವೇ ಬಂತು. ಮುಖಕ್ಕೆ ಬೆಳ್ಳಿ ಬಣ್ಣ ಹಚ್ಚಿಕೊಂಡು ಪರದೆಯ ಸಂದಿಯಿಂದ ತನ್ನನ್ನು ಹುಡುಕುವ ಮಗಳು ಕಣ್ಣ ಮುಂದೆ ಬಂದಳು. ಸುಮ್ಮನೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಆ ಗಡಿಯಾರ ಟೈಮು ಕೇಳುವುದು ತನ್ನ ಸರ್ವರನ್ನು! ಇಡೀ ಆಫೀಸಿನ ಹೊತ್ತು ತನ್ನ ಬೆರಳ ತುದಿಯಲ್ಲಿದೆ. ಜೀವಮಾನದಲ್ಲಿ ಮೊದಲ ಸಲ ಸರ್ವರಣ್ಣ ಯಾರೂ ಕೇಳದ ಸೇವೆಯೊಂದನ್ನು ಮಾಡಿದ. ಟೈಮನ್ನು ಒಂದು ಗಂಟೆ ಮುಂದೆ ತಳ್ಳಿದ.

“ಅಯ್ಯಯ್ಯೋ, ಐದಾಗ್ತಾ ಬಂತಲ್ರೀ!” ಮ್ಯಾನೇಜರರು ಕೋಣೆಯಿಂದ ಹಾರಿ ಬಂದರು. “ಈ ದರಿದ್ರ ವಾಚು ಮತ್ತೆ ಹಿಂದೆ ಬಿದ್ದಿದೆ,” ಎಂದು ಶಪಿಸಿ, ಅದನ್ನೂ ಒಂದು ಗಂಟೆ ಮುಂದೆ ತಿರುಗಿಸಿಕೊಂಡು ಮೆಟ್ಟಿಲಿಳಿದು ಓಡಿದರು.

ಮನೆಗೆ ಹೋಗೆನ್ನುವ ಗಡಿಯಾರವನ್ನು ಯಾರು ತಾನೇ ಅನುಮಾನಿಸುತ್ತಾರೆ? “ಇವತ್ತು ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ ನೋಡು,” ಎನ್ನುತ್ತ ಮೇಡಂ ಬ್ಯಾಗು ಹೆಗಲಿಗೇರಿಸಿದರು. ಮೇಸ್ತ್ರಿ ಆಗಲೇ ಬೀಗದಕೈ ಆಡಿಸುತ್ತಿದ್ದ. ನೋಡನೋಡುತ್ತಲೇ ಆಫೀಸು ಖಾಲಿಯಾಯಿತು.

ಸರ್ವರಣ್ಣ ಟೈಮನ್ನು ಮೊದಲಿನಂತೆ ಸರಿಮಾಡಿಟ್ಟು ಹೊರಬಿದ್ದ. ನಾಟಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಚಂದ್ರನ ಅಪ್ಪ ಚೆನ್ನಾಗಿ ಕಾಣಬೇಡವೇ? ಕಟಿಂಗ್ ಶಾಪಿಗೆ ಹೋಗಿ ಕ್ಷೌರ ಮಾಡಿಸಿಕೊಂಡ. ಚಾಕಲೇಟು ಕೊಂಡ. ಸಿಳ್ಳೆ ಹಾಕುತ್ತ ಐದಕ್ಕೆ ಸರಿಯಾಗಿ ಶಾಲೆಯ ಗೇಟು ದಾಟಿದ.

ಒಳಗೆ ಕುರ್ಚಿಗಳನ್ನು ಮಡಚಿ ಒಟ್ಟುತ್ತಿದ್ದರು. ಮಕ್ಕಳು ಬಣ್ಣದ ಮುಖದಲ್ಲೇ ಬಿಸ್ಕತ್ತು ತಿನ್ನುತ್ತಿದ್ದರು. ಇವನ ಹಾಗೆಯೇ ಐದಕ್ಕೆ ಬಂದ ಅಪ್ಪಂದಿರು ಬೆಪ್ಪಾಗಿ ನಿಂತಿದ್ದರು. ಮಗಳಿಗೆ ಬಣ್ಣ ಹಚ್ಚಲು ಮಧ್ಯಾಹ್ನವೇ ಬಂದಿದ್ದ ಹೆಂಡತಿ ಎದುರಾದಳು.

“ಈಗ ಬಂದ್ರಾ? ಎಷ್ಟು ಸಲ ರೀ ಫೋನ್ ಮಾಡೋದು?”

ಫೋನು ಚೀಲದ ತಳದಲ್ಲಿತ್ತು. “ಐದಕ್ಕೆ ಅಲ್ವೇನೇ ನಾಟಕ?” ಎಂದು ತೊದಲಿದ.

“ಐದಕ್ಕೇ ಇತ್ತು! ನಾಲ್ಕಕ್ಕೆಲ್ಲ ಮುಖ್ಯ ಅತಿಥಿ ಬಂದು, ‘ಗಂಟೆ ಐದಾಯ್ತು, ನಿಮ್ಮ ಗಡಿಯಾರಗಳೆಲ್ಲ ಕೆಟ್ಟಿವೆ, ಶುರು ಮಾಡ್ರಿ’ ಅಂತ ಕೂಗಾಡಿಬಿಟ್ರು. ಮಕ್ಕಳಿಗೆಲ್ಲ ಪುಕ್ಕಟೆ ಕೊಡೆ ಕೊಡೋ ಪುಣ್ಯಾತ್ಮರಂತೆ, ಹೆಡ್ ಮೇಡಂ ಎದುರಾಡೋಕಾಗುತ್ತಾ?”

‘ಕೊಡೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಸರ್ವರಣ್ಣ ಗಕ್ಕನೆ ತಿರುಗಿದ. ವೇದಿಕೆಯಿಂದ ಇಳಿದು ಬರುತ್ತಿದ್ದವರು ಸಾಕ್ಷಾತ್ ಮ್ಯಾನೇಜರರು.

“ಓಹೋ, ನೀನೂ ಇಲ್ಲೇ ಇದ್ದೀಯಾ?” ಎಂದು ಅವನ ಭುಜ ತಟ್ಟಿ, ಹೆಡ್ ಮೇಡಂ ಕಡೆ ತಿರುಗಿದರು. “ನಮ್ಮ ಆಫೀಸಿಗೆ ಸರಿಯಾದ ಟೈಮ್ ಕೊಟ್ಟೋನು ಇವನೇ ಮೇಡಂ. ನಾಳೆಯಿಂದ ನಿಮ್ಮ ಗಡಿಯಾರಗಳನ್ನೂ ಶಾಲೆ ಗಂಟೇನೂ ಇವನ ಸರ್ವರಿಗೇ ಸೇರಿಸಿಬಿಡೋಣ. ಭಾನುವಾರ ಬಂದು ಎಲ್ಲಾ ಮಾಡ್ಕೊಡ್ತಾನೆ.”

ಅಷ್ಟು ಹೊತ್ತಿಗೆ ಬೆಳ್ಳಿ ಮುಖದ ಚಂದ್ರ ಬಂದು ಅಪ್ಪನ ಕೈಯಿಂದ ಚಾಕಲೇಟು ಕಿತ್ತುಕೊಂಡಿತು. ಅದನ್ನು ಬಾಯಿಗೆ ಹಾಕಿಕೊಂಡ ಮೇಲೇ ಮುಖ ಊದಿಸಿತು.

“ಎಲ್ಲರ ಟೈಮ್ ಸರಿ ಮಾಡ್ತೀಯಂತೆ. ನಿನ್ನ ವಾಚ್ ಮೊದ್ಲು ಸರಿ ಮಾಡ್ಕೋ ಅಪ್ಪಾ!”

ಸರ್ವರಣ್ಣ ವಾಚು ನೋಡಿಕೊಂಡ. ಅದು ಸರಿಯಾಗಿಯೇ ನಡೆಯುತ್ತಿತ್ತು.