ಹುಣಸೆಹಣ್ಣಿನ ಶೆಡ್ಡಿಗೆ ನಾನು ಹುರುಪು ತುಂಬಿದ ವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಮೂಗಿನ ತುದಿಯಲ್ಲಿ ಕೂರುವಷ್ಟು ಪುರುಸೊತ್ತು ನನ್ನ ಕೋಪಕ್ಕೆ ಯಾವತ್ತೂ ಸಿಕ್ಕಿಲ್ಲ, ಬಂದ ತಕ್ಷಣ ಬಾಯಿಂದ ಹೊರಟುಬಿಡುತ್ತದೆ. ಮಧುಗಿರಿಯಲ್ಲಿ ನಮ್ಮ ಮನೆ. ದೊಡ್ಡೇರಿ ಹತ್ತಿರದ ಒಂದು ಹುಣಸೆಹಣ್ಣಿನ ಶೆಡ್ಡಿಗೆ ಹನ್ನೊಂದು ವರ್ಷದಿಂದ ನಾನು ಮೇನೇಜರ್. ಹದಿನೆಂಟು ಜನ ಹೆಂಗಸರು ಕಲ್ಲಿನ ಮೇಲೆ ಹಣ್ಣಿಟ್ಟು, ಕೊಡತಿಯಲ್ಲಿ ಕುಟ್ಟಿ, ಬೀಜ ಬಿಡಿಸಿ, ನಾರು ಎಳೆದು ಮಂಕರಿ ತುಂಬಿಸುತ್ತಾರೆ. ನಾನು ಬಾಗಿಲಲ್ಲಿ ನಿಂತು ಬೈಯುತ್ತೇನೆ. ಹೀಗೆ ಎರಡೂ ಕಡೆಯವರು ಅವರವರ ಕೆಲಸ ಮಾಡಿಕೊಂಡು ನೆಮ್ಮದಿಯಾಗಿದ್ದೆವು.

ಅಷ್ಟರಲ್ಲಿ ನಮ್ಮ ಸಾಹುಕಾರ್ರು, ಅಂದರೆ ಶೆಡ್ಡಿನ ಯಜಮಾನರು, ನನ್ನನ್ನು ತುಮಕೂರಿಗೆ ಎರಡು ದಿನದ ತರಬೇತಿಗೆ ಕಳಿಸಿದರು. ತರಬೇತಿಯ ಹೆಸರು 'ಕೆಲಸಗಾರರಲ್ಲಿ ಹುರುಪು ತುಂಬುವುದು ಹೇಗೆ?' ಟೈ ಕಟ್ಟಿದ ಒಬ್ಬ ಮೇಷ್ಟ್ರು ಪರದೆಯ ಮೇಲೆ ಒಂದು ಮೆಟ್ಟಿಲಿನ ಗೋಪುರ ತೋರಿಸಿದರು. ಮನುಷ್ಯನಿಗೆ ಮೊದಲು ಹೊಟ್ಟೆಗೆ ಬೇಕು, ಅದಾದ ಮೇಲೆ ತಲೆಯ ಮೇಲೊಂದು ಸೂರು, ಆಮೇಲೆ ನಾಲ್ಕು ಜನರ ಪ್ರೀತಿ, ಆಮೇಲೆ ಮರ್ಯಾದೆ. ಒಂದು ಮೆಟ್ಟಿಲು ಹತ್ತದೆ ಇನ್ನೊಂದಕ್ಕೆ ಕಾಲಿಡುವುದಿಲ್ಲವಂತೆ. ನಾನು ಎದ್ದು ನಿಂತು, "ಸಾರ್, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಯೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರನ್ನ ಯಾವ ಮೆಟ್ಟಿಲಲ್ಲಿ ಕೂರಿಸ್ತೀರಿ?" ಎಂದು ಕೇಳಿದೆ. ಮೇಷ್ಟ್ರು ಗಡಿಯಾರ ನೋಡಿ, ಟೀ ಕುಡಿದು ಬರೋಣ ಎಂದರು.

ಟೀ ಆದ ಮೇಲೆ ಹೇಳಿದ್ದು ಮಾತ್ರ ನೇರ ನನ್ನ ಎದೆಗೇ ನಾಟಿತು. ಯಜಮಾನಿಕೆ ಮಾಡುವವರಲ್ಲಿ ಎರಡು ಜಾತಿಯಂತೆ. ಕೆಲಸಗಾರ ಸೋಮಾರಿ, ಬೈದರೇ ಬಗ್ಗುವವನು ಎಂದು ತಿಳಿದವರದ್ದು ಒಂದು. ಮನುಷ್ಯನಿಗೆ ಕೆಲಸ ಇಷ್ಟವೇ, ಅವನಿಗೆ ಬೇಕಾಗಿರುವುದು ಒಂದು ಒಳ್ಳೆಯ ಮಾತು, ಹತ್ತು ಜನರ ಮುಂದೆ ಒಂದು ಹೊಗಳಿಕೆ ಎಂದು ತಿಳಿದವರದ್ದು ಇನ್ನೊಂದು. ಹನ್ನೊಂದು ವರ್ಷ ನಾನು ಮೊದಲನೆಯ ಜಾತಿಯಲ್ಲಿ ಹಾಳಾಗಿ ಹೋಗಿದ್ದೆ. ಮಧುಗಿರಿ ಬಸ್ಸು ಹತ್ತುವಷ್ಟರಲ್ಲಿ ಎರಡನೆಯದಕ್ಕೆ ಸೇರಿಬಿಟ್ಟಿದ್ದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶಿರಾದಿಂದ ಸಾಹುಕಾರ್ರ ಫೋನು ಬಂತು.

"ನೋಡಪ್ಪಾ, ಒಂದು ದೊಡ್ಡ ಮಸಾಲೆ ಕಂಪನಿಯೋರು ಒಪ್ಕಂಡವ್ರೆ. ಶನಿವಾರ ಸಂಜೆಗೆ ಒಂದು ಲಾರಿ ಹಣ್ಣು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನನ್ ಕೈಲಾಗಲ್ಲ, ಇನ್ಮೇಲೆ ಹಣ್ಣನ್ನೆಲ್ಲಾ ಪಾವಗಡದ ಆಚೆ ಮಿಷಿನ್ ಇಟ್ಕಂಡಿರೋರಿಗೆ ಕಳಿಸ್ಬುಡ್ತೀನಿ. ದೊಡ್ಡೇರಿ ಶೆಡ್ಡಿಗೆ ಬೀಗ ಹಾಕೋದೇ."

ನನಗೆ ಚೂರೂ ಗಾಬರಿಯಾಗಲಿಲ್ಲ. ಹದಿನೆಂಟು ಜನಕ್ಕೆ ಒಂದು ಲಾರಿ ಹಣ್ಣು ಐದು ದಿನದ ಕೆಲಸ. ಸುಮ್ಮನೆ ಬಿಟ್ಟಿದ್ದರೆ ಶುಕ್ರವಾರಕ್ಕೇ ಮುಗಿಸುತ್ತಿದ್ದರು. ಆದರೆ ನಾನು ತರಬೇತಿ ಪಡೆದವನು, ಸುಮ್ಮನೆ ಬಿಡುವುದು ಹೇಗೆ?

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, ಕೈ ಮುಗಿದು, ನಕ್ಕು, "ತಾಯಂದಿರೇ, ಎಲ್ಲರಿಗೂ ನಮಸ್ಕಾರ. ತಿಂಡಿ ಆಯ್ತಾ?" ಎಂದೆ.

ಹದಿನೆಂಟು ಕೊಡತಿಗಳು ಒಟ್ಟಿಗೆ ನಿಂತವು. ಶೆಡ್ಡಿನಲ್ಲಿ ಹನುಮಕ್ಕ ಅಂತ ಒಬ್ಬಳಿದ್ದಾಳೆ. ಎಲ್ಲರ ಪರವಾಗಿ ಮಾತಾಡುವವಳು ಅವಳೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಮನೇಲಿ ಎಲ್ಲಾ ಸಂದಾಕವ್ರಾ?" ಎಂದಳು.

"ಚೆನ್ನಾಗಿದ್ದಾರಮ್ಮ. ನೀನು ಚೆನ್ನಾಗಿದ್ದೀಯಾ?"

ಹನುಮಕ್ಕ ತಿರುತಿರುಗಿ ನೋಡುತ್ತಾ ಹೋಗಿ ಕೂತಳು. ಆಮೇಲೆ ಕುಟ್ಟುವ ಸದ್ದಿಗಿಂತ ಗುಸುಗುಸು ಜಾಸ್ತಿಯಾಯಿತು. ಹರಟೆ ಹೊಡೆಯುತ್ತಿದ್ದವರನ್ನು ಕಂಡು ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗಿ ಮತ್ತೆ ನಕ್ಕೆ. ಗುಸುಗುಸು ಇನ್ನೂ ಜೋರಾಯಿತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಐದು ಜನ ಆಟೋ ಹತ್ತಿ ಮಧುಗಿರಿಯ ನಮ್ಮ ಮನೆಗೇ ಹೋದರಂತೆ. ಸಂಜೆ ಗಿರಿಜಾ ಹೇಳಿದಳು:

"ನಿಮ್ಮ ಹೆಂಗಸರು ಬಂದಿದ್ದರು. ಧೈರ್ಯ ತಗೊಳ್ಳಿ ಅಮ್ಮಾ, ಈಗಿನ ಕಾಲದಲ್ಲಿ ಎಲ್ಲಾ ಕಾಯಿಲೆಗೂ ಔಷಧಿ ಐತೆ ಅಂದರು. ಒಬ್ಬಳಂತೂ ಅತ್ತೇಬಿಟ್ಟಳು."

"ಯಾರಿಗೆ ಕಾಯಿಲೆ?"

"ನಿಮಗೆ. ನೀವು ನಕ್ಕಿರಂತಲ್ಲ."

ಅರ್ಧ ದಿನ ಹೋಯಿತು. ಹೋದರೆ ಹೋಗಲಿ, ಹೊಸ ವಿಧಾನ ಮೈಗೆ ಹತ್ತಲು ಸ್ವಲ್ಪ ಸಮಯ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ ನನ್ನ ಬತ್ತಳಿಕೆಯ ದೊಡ್ಡ ಬಾಣ ಬಿಟ್ಟೆ. ಒಂದು ಕರಿಹಲಗೆ ತಂದು ಗೋಡೆಗೆ ನೇತುಹಾಕಿ, ಮೇಲೆ 'ದಿನದ ಉತ್ತಮ ಕೆಲಸಗಾರ್ತಿ' ಎಂದು ಬರೆದೆ. ಸಂಜೆ ಎಲ್ಲರ ಮಂಕರಿ ತೂಗಿಸಿದರೆ ರತ್ನಮ್ಮನದು ಎಲ್ಲಕ್ಕಿಂತ ಹೆಚ್ಚು. ಇಪ್ಪತ್ತೈದು ವರ್ಷದ ಹುಡುಗಿ, ಮಾತು ಕಮ್ಮಿ, ಕೈ ಬಲು ಚುರುಕು. ಅವಳನ್ನು ಮುಂದೆ ನಿಲ್ಲಿಸಿ ಭಾಷಣ ಮಾಡಿದೆ. "ಈ ಕೈ ನೋಡಿ. ಇದು ಕೈಯಲ್ಲ, ಮಿಷಿನ್ನು. ಎಷ್ಟು ಆರೋಗ್ಯವಾಗಿದ್ದಾಳೆ ನೋಡಿ, ಒಂದು ದಿನ ತಲೆನೋವು ಅಂದವಳಲ್ಲ. ಎಲ್ಲರೂ ಇವಳನ್ನೇ ನೋಡಿ ಕಲಿಯಬೇಕು. ಚೆನ್ನಾಗಿ ನೋಡಿ."

ಎಲ್ಲರೂ ನೋಡಿದರು. ಚಪ್ಪಾಳೆ ಮಾತ್ರ ನಾನೊಬ್ಬನೇ ತಟ್ಟಿದೆ. ರತ್ನಮ್ಮನ ಮುಖ ಬಿಳಚಿಕೊಂಡಿತ್ತು. ಸಂತೋಷಕ್ಕೆ ಹೀಗೂ ಆಗುತ್ತದೆ ಎಂದುಕೊಂಡೆ.

ಬುಧವಾರ ರತ್ನಮ್ಮ ಬರಲಿಲ್ಲ. ಅವಳ ಅತ್ತೆ ಬಂದರು. ಒಂದು ಕೈಯಲ್ಲಿ ಒಣಮೆಣಸಿನಕಾಯಿ, ಉಪ್ಪು, ಇನ್ನೊಂದು ಕೈಯಲ್ಲಿ ಕೆಂಡ ತುಂಬಿದ ಮಡಕೆ. ಆಕೆ ಪಾವಗಡದ ಕಡೆಯವರು, ಸಿಟ್ಟು ಬಂದರೆ ಕನ್ನಡ ಬಿಟ್ಟುಹೋಗುತ್ತದೆ.

"ಏಮಯ್ಯಾ, ನೀಕೇಮಿ ವೇರೆ ಪನಿ ಲೇದಾ?" ನಿನಗೇನು ಬೇರೆ ಕೆಲಸ ಇಲ್ಲವೇ ಎಂದು ಕೇಳುತ್ತಲೇ ಒಳಗೆ ಬಂದ ಆಕೆ ಎಲ್ಲರಿಗೂ ಅರ್ಥವಾಗಲಿ ಎಂದು ಕನ್ನಡಕ್ಕೆ ಇಳಿದರು. "ರಾತ್ರಿಯಿಂದ ಹುಡುಗಿಗೆ ಜ್ವರ, ವಾಂತಿ. ಹದಿನೇಳು ಹೆಂಗಸರ ಮುಂದೆ ನಿಲ್ಸಿ, ಕೈ ನೋಡಿ, ಮೈ ನೋಡಿ ಅಂದ್ರೆ ದೃಷ್ಟಿ ಆಗ್ದೆ ಇನ್ನೇನಾಗ್ತೈತೆ? ಎಲ್ರ ಕಾಲಿನ ಮಣ್ಣೂ ಬೇಕು ನಂಗೆ. ಮೊದ್ಲು ನಿನ್ದು ಕೊಡು."

ದೃಷ್ಟಿ ಹಾಕಿದವರ ಕಾಲಿನ ಮಣ್ಣನ್ನು ಮೆಣಸಿನಕಾಯಿ ಜೊತೆ ನಿವಾಳಿಸಿ ಕೆಂಡಕ್ಕೆ ಹಾಕುವುದು ನಮ್ಮ ಕಡೆಯ ಪದ್ಧತಿ. ಘಾಟು ಬರಲಿಲ್ಲ ಅಂದರೆ ದೃಷ್ಟಿ ಬಿದ್ದಿದ್ದು ನಿಜ ಅಂತ. ನನ್ನ ಕೋಪ ಬಾಯಿಯವರೆಗೂ ಬಂತು, ಆದರೆ ನಾನೀಗ ಎರಡನೆಯ ಜಾತಿಯವನು. ಚಪ್ಪಲಿ ಬಿಟ್ಟು ಕಾಲು ಮುಂದೆ ಇಟ್ಟೆ. ಹದಿನೇಳು ಹೆಂಗಸರ ಕಾಲಿನ ಮಣ್ಣು ಕೆರೆದು, ನಿವಾಳಿಸಿ, ಸುಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನನಗೆ ಕಣ್ಣು ಮೂಗಲ್ಲೆಲ್ಲಾ ನೀರು ಸುರಿದು, ಕೆಮ್ಮಿ ಕೆಮ್ಮಿ ಹೊರಗೆ ಹೋಗಿ ಬೇವಿನ ಮರ ಹಿಡಿದುಕೊಂಡೆ. ಒಳಗೆ ಉಳಿದ ಅಷ್ಟೂ ಜನ ಸೆರಗಿನಿಂದ ಮೂಗು ಮುಚ್ಚಿಕೊಂಡು, "ವಸೀನೂ ಘಾಟಿಲ್ಲ ನೋಡಿ, ಏನ್ ದೃಷ್ಟಿ ಬಿದ್ದಿತ್ತೋ ಕಾಣೆ" ಎಂದು ಒಮ್ಮತದಿಂದ ತೀರ್ಮಾನಿಸಿದರು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡವನು ಅನ್ನುತ್ತಾರಲ್ಲ, ಅವನಾದರೂ ಒಂದೇ ಸಲ ಬಿಟ್ಟುಕೊಂಡಿದ್ದ. ನಾನು ಕರಿಹಲಗೆ ತೋರಿಸಿ, "ರತ್ನಮ್ಮ ಇಲ್ಲ ಅಂತ ಯಾರೂ ಬೇಜಾರು ಮಾಡ್ಕೋಬೇಡಿ. ನಾಳೆ ಈ ಜಾಗದಲ್ಲಿ ನಿಮ್ಮಲ್ಲೇ ಒಬ್ಬರ ಹೆಸರು ಬರ್ತದೆ" ಎಂದೆ.

ಗುರುವಾರ ನಾನು ಕಂಡದ್ದನ್ನು ಆ ಟೈ ಮೇಷ್ಟ್ರು ಬಂದು ನೋಡಬೇಕಿತ್ತು. ಇಡೀ ಶೆಡ್ಡು ಪೈಪೋಟಿಗೆ ಬಿದ್ದಿತ್ತು. ಯಾರು ಕಮ್ಮಿ ಕುಟ್ಟುತ್ತಾರೆ ಅನ್ನುವ ಪೈಪೋಟಿ. ಒಂದು ಹಣ್ಣಿಗೆ ಒಂದು ಏಟು, ಏಟಾದ ಮೇಲೆ ಪಕ್ಕದವಳ ಮಂಕರಿಯ ಕಡೆ ಒಂದು ನೋಟ. ತನ್ನ ಮಂಕರಿ ಎರಡು ಬೆರಳು ಎತ್ತರ ಕಂಡರೆ ಸಾಕು, ಒಂದು ಹಿಡಿ ತೆಗೆದು ಮೆಲ್ಲಗೆ ಪಕ್ಕದವಳದಕ್ಕೆ ಹಾಕುವುದು. ಪಕ್ಕದವಳು ತನ್ನ ಪಕ್ಕದವಳಿಗೆ. ಹೀಗೆ ಸಾಗಿ ಸಾಗಿ ಎಲ್ಲಾ ಹೋಗಿ ಸೇರುತ್ತಿದ್ದದ್ದು ಮೂಲೆಯಲ್ಲಿ ಕೂತ ಮುದ್ದಮ್ಮನ ಮಂಕರಿಗೆ. ಮುದ್ದಮ್ಮನಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣು ಮಂಜು. ಆಕೆ ಎಲೆಅಡಿಕೆ ಹಾಕಿಕೊಂಡು ಕಥೆ ಹೇಳುತ್ತಾಳೆ, ನಡುನಡುವೆ ಒಂದೆರಡು ಹಣ್ಣು ಬಿಡಿಸುತ್ತಾಳೆ. ಮಿಕ್ಕವರು ಅವಳ ಪಾಲನ್ನೂ ಕುಟ್ಟಿ ಸರಿದೂಗಿಸುತ್ತಾರೆ. ಅದು ನನಗೆ ಗೊತ್ತಿಲ್ಲ ಎಂದು ಅವರು, ಗೊತ್ತಿಲ್ಲದವನ ಹಾಗೆ ನಾನು ಹನ್ನೊಂದು ವರ್ಷ ನಡೆಸಿಕೊಂಡು ಬಂದಿದ್ದೇವೆ.

ಸಂಜೆ ತೂಗಿದರೆ ದಿನದ ಉತ್ತಮ ಕೆಲಸಗಾರ್ತಿ ಮುದ್ದಮ್ಮ.

ನಾನು ಸೀಮೆಸುಣ್ಣ ಕೈಗೆತ್ತಿಕೊಂಡದ್ದೇ ತಡ, ಮುದುಕಿ ಎರಡೂ ಕೈ ಜೋಡಿಸಿ ಅಳುವುದಕ್ಕೆ ಶುರುಮಾಡಿದಳು. "ಬರೀಬ್ಯಾಡ ಕಣಪ್ಪಾ, ನಿನ್ ದಮ್ಮಯ್ಯ. ಇನ್ನೊಂದೆರಡು ವರ್ಸ ಬದುಕ್ಕಂತೀನಿ. ಈ ಶೆಡ್ಡು ಬುಟ್ರೆ ನಂಗೆ ಹೋಗಕ್ಕೆ ಇನ್ನೊಂದು ಜಾಗ ಇಲ್ಲ."

ಸೀಮೆಸುಣ್ಣ ಕೆಳಗಿಟ್ಟೆ. ಒಂದು ಲಾರಿಯಲ್ಲಿ ಅರ್ಧವೂ ಆಗಿರಲಿಲ್ಲ. ಬೀಗ ಬಿದ್ದರೆ ನನಗೂ ಹೋಗುವುದಕ್ಕೆ ಇನ್ನೊಂದು ಜಾಗವಿಲ್ಲ ಎಂದು ಆಗ ಹೊಳೆಯಿತು. ಐವತ್ತೆರಡು ವರ್ಷದ, ಬೈಯುವುದೊಂದು ಬಿಟ್ಟು ಬೇರೇನೂ ಬಾರದ ಗಂಡಸನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಮನೆಗೆ ಹೋಗಿ ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ನಿಜವಾಗಿಯೂ ಹೆದರಿಕೆಯಾಗಿದೆ ಎಂದೂ ಹೇಳಿದೆ. ಮದುವೆಯಾದ ಮೇಲೆ ಆ ಮಾತು ಅವಳಿಗೆ ಹೇಳಿದ್ದು ಅದೇ ಮೊದಲು.

ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, "ನನ್ನ ಒಂದು ದಿನ ಹೊಗಳಿದ್ದರೆ ಅಭ್ಯಾಸವಾದರೂ ಆಗಿರೋದು. ಎಲ್ಲಾ ತಗೊಂಡು ಹೋಗಿ ಶೆಡ್ಡಿನಲ್ಲಿ ಸುರಿದಿರಿ. ನಾಳೆ ನಾನೂ ಬರ್ತೀನಿ" ಎಂದಳು.

ಶುಕ್ರವಾರ ಬೆಳಗ್ಗೆ ಆರಕ್ಕೆ ಶೆಡ್ಡಿನಲ್ಲಿ ಪಂಚಾಯ್ತಿ ಕೂತಿತು. ಲಾರಿ ವಿಷಯ, ಬೀಗದ ವಿಷಯ ಎಲ್ಲವನ್ನೂ ಗಿರಿಜಾ ಬಿಚ್ಚಿ ಹೇಳಿದಳು. ಅದುವರೆಗೆ ನಾನು ಅವರಿಗೆ ಹೇಳಿರಲೇ ಇಲ್ಲ. ಹೆದರಿಸಿ ಕೆಲಸ ತೆಗೆಯಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು.

"ಅಯ್ಯೋ ಸಿವನೇ, ಇದನ್ನ ಸೋಮವಾರ್ವೇ ಒದರಬಾರ್ದಾಗಿತ್ತಾ?" ಎಂದಳು ಹನುಮಕ್ಕ. "ಆಗ್ಲಿ, ಇವತ್ತು ನಾಳೆ ಎರಡು ದಿನ ಜೋರಾಗಿ ಕುಟ್ಟಾನ. ಆದ್ರೆ ಜೋರಾಗಿ ಕುಟ್ಟಿದ್ರೆ ಯಾರ ಮ್ಯಾಲಾದ್ರೂ ದೃಷ್ಟಿ ಬಿದ್ದೇ ಬೀಳ್ತೈತಲ್ಲಮ್ಮಾ."

ಎಲ್ಲರೂ ತಲೆಗೊಂದು ಉಪಾಯ ಹೇಳಿದರು. ಆಮೇಲೆ ಹನುಮಕ್ಕನೇ ದಾರಿ ಕಂಡುಕೊಂಡಳು. "ಹೊಸ ಮನೆ ಕಟ್ದಾಗ ಮುಂದೆ ದೃಷ್ಟಿ ಬೊಂಬೆ ಕಟ್ಟಲ್ವಾ? ನೋಡೋರ ಕಣ್ಣೆಲ್ಲಾ ಅದರ ಮ್ಯಾಲೆ ಬಿದ್ರೆ ಮನೆ ತಣ್ಣಗಿರ್ತೈತೆ. ಅಂಗೆ ನಮಗೂ ಒಂದು ಬೇಕು."

ಹದಿನೇಳು ಜನವೂ ನನ್ನ ಕಡೆ ತಿರುಗಿದರು. ಹದಿನೆಂಟನೆಯವಳಾಗಿ ನನ್ನ ಹೆಂಡತಿಯೂ ತಿರುಗಿದಳು.

"ಇವರಿಗೆ ದೃಷ್ಟಿ ತಗುಲಿದ್ರೆ?" ಎಂದು ಮುದ್ದಮ್ಮ ಒಬ್ಬಳು ಮಾತ್ರ ಕನಿಕರದಿಂದ ಕೇಳಿದಳು.

"ಏನ್ ನೋಡಿ ತಗುಲ್ತೈತೆ ಬುಡಜ್ಜಿ" ಎಂದಳು ಹನುಮಕ್ಕ.

ಗಿರಿಜಾ ಕರಿಹಲಗೆಯ ಮೇಲೆ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಳು. ಬಾಗಿಲಿಗೆ ಸರಿಯಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಹನುಮಕ್ಕ ಕಾಡಿಗೆ ತಂದು ನನ್ನ ಎರಡೂ ಕೆನ್ನೆಗೆ ಎಂಟಾಣೆ ಅಗಲದ ಬೊಟ್ಟು ಇಟ್ಟಳು. "ಅಲ್ಲಮ್ಮಾ, ಆ ಕಡೆಯ ರಾಶಿ ಮೊದಲು..." ಎಂದು ನಾನು ಬಾಯಿ ತೆರೆದೆ.

"ಬೊಂಬೆ ಮಾತಾಡ್ತದಾ ಸಾರ್?" ಎಂದಳು ಅವಳು. ನಾನು ಬಾಯಿ ಮುಚ್ಚಿದೆ.

ಎರಡು ದಿನ ಹಾಗೇ ಕೂತಿದ್ದೆ. ಬೈಯಲಿಲ್ಲ, ಹೊಗಳಲಿಲ್ಲ, ನಗಲೂ ಇಲ್ಲ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಜ್ವರ ಬಿಟ್ಟ ರತ್ನಮ್ಮನೂ ಬಂದಳು, ಜೊತೆಗೆ ಅವಳ ಅತ್ತೆಯೂ ಕೊಡತಿ ಹಿಡಿದು ಕೂತರು. ಆಕೆ ಎದ್ದು ಹೋಗುವಾಗಲೆಲ್ಲ ನನ್ನನ್ನೊಮ್ಮೆ ದುರುಗುಟ್ಟಿಕೊಂಡು ನೋಡಿ, ಬೊಂಬೆ ಕೆಲಸ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮುದ್ದಮ್ಮ ಕಥೆ ಹೇಳಿದಳು, ಮಿಕ್ಕವರು ಕುಟ್ಟಿದರು. ಹನ್ನೊಂದು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅಷ್ಟು ಕೆಲಸ ಆದದ್ದನ್ನು ನಾನು ಕಂಡಿರಲಿಲ್ಲ. ನನ್ನ ಕೈಯಾರೆ ಹಾಳಾಗಲಿದ್ದ ಹೊಟ್ಟೆಪಾಡನ್ನು ಅವರು ಕುಟ್ಟಿ ಕುಟ್ಟಿ ಉಳಿಸಿಕೊಳ್ಳುತ್ತಿದ್ದರು. ನನ್ನದನ್ನೂ ಸೇರಿಸಿ. ನಾಚಿಕೆಯಾಯಿತು, ಬೊಂಬೆಯಾದ್ದರಿಂದ ತೋರಿಸಿಕೊಳ್ಳಲಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಲಾರಿ ತುಂಬಿತು. ಅದು ಹೊರಡುವ ಹೊತ್ತಿಗೆ ಸಾಹುಕಾರ್ರು ಶಿರಾದಿಂದ ಕಾರಿನಲ್ಲಿ ಬಂದಿಳಿದರು. ನನ್ನ ಕೆನ್ನೆಯನ್ನೂ ಕರಿಹಲಗೆಯನ್ನೂ ಎರಡೆರಡು ಸಲ ನೋಡಿ, ನನ್ನನ್ನು ಏನೂ ಕೇಳದೆ ಹೆಂಗಸರ ಕಡೆ ತಿರುಗಿದರು.

"ಗುರುವಾರ ಅರ್ಧಾನೂ ಆಗಿಲ್ಲ ಅಂತ ಸುದ್ದಿ ಬಂದಿತ್ತು. ಹೆಂಗ್ರಮ್ಮಾ ಮುಗಿಸಿದ್ರಿ?"

"ಎಲ್ಲಾ ನಮ್ ಮೇನೇಜರ್ ಸಾರಿಂದ್ಲೇ ಬುದ್ದಿ" ಎಂದಳು ಹನುಮಕ್ಕ. ನನ್ನ ಎದೆಯುಬ್ಬಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು: "ನೆನ್ನೆ ಇವತ್ತು ಎರಡು ದಿನ ಅವರು ಏನೂ ಮಾಡ್ಲಿಲ್ಲ."

ಸಾಹುಕಾರ್ರು ಗಡ್ಡ ಕೆರೆದುಕೊಂಡು ಯೋಚಿಸಿದರು. ಅವರು ಯಾವ ತರಬೇತಿಗೂ ಹೋದವರಲ್ಲ. "ಮುಂದಿನ ವಾರ ಇನ್ನೊಂದು ಲಾರಿ ಕೇಳವ್ರೆ" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ನೀನು ಒಂದು ವಾರ ರಜಾ ತಗೊಂಡು ಮನೇಲಿರಪ್ಪ. ಸಂಬಳ ಹಿಡಿಯಲ್ಲ."

ಹನ್ನೊಂದು ವರ್ಷದಲ್ಲಿ ನಾನು ಕೇಳದೆ ಸಿಕ್ಕ ಮೊದಲ ರಜೆ ಇದು. ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ ಸಾಹುಕಾರ್ರೇ ತಮ್ಮ ಕೈಯಾರೆ ಬರೆದಿದ್ದಾರೆ: 'ಕೆಲಸಗಾರರ ಹುರುಪಿಗಾಗಿ.' ಈಗ ಮೂರು ದಿನದಿಂದ ಮನೆಯಲ್ಲಿದ್ದೇನೆ. ಶೆಡ್ಡಿನಲ್ಲಿ ಕೆಲಸ ಬಲು ಜೋರಾಗಿ ನಡೆಯುತ್ತಿದೆಯಂತೆ. ಗಿರಿಜಾಳ ಹುರುಪು ಮಾತ್ರ ದಿನದಿನಕ್ಕೆ ಇಳಿಯುತ್ತಿದೆ.