ಚೀಲದೊಳಗಿನ ಎಕ್ಸ್

ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗ್ಗೆ ಅನುಸೂಯ ರೂಢಿಯಂತೆ ಎರಡು ಲೋಟ ಚಹಾ ಮಾಡಿದಳು. ಎರಡನ್ನೂ ತಾನೇ ಕುಡಿದಳು. ಆಮೇಲೆ ಅಟ್ಟದಿಂದ ತಕ್ಕಡಿ ಇಳಿಸಿದಳು.

ತೊಂದರೆ ಶುರುವಾದದ್ದು ಆ ತಕ್ಕಡಿಯಿಂದ. ಅದು ಬೀದಿ ಕೊನೆಯ ಕಿರಾಣಿ ಅಂಗಡಿ ಯತ್ತಪ್ಪನದು. ಅವಳ ಗಂಡ ನಿರಂಜನ್ ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ. ಬೀಜಗಣಿತ ಕಲಿಸಲು ಒಂದು ದಿನದ ಮಟ್ಟಿಗೆ ಬೇಕು ಎಂದು ದೀಪಾವಳಿಗೆ ಮುಂಚೆ ಅದನ್ನು ಕೇಳಿ ತಂದಿದ್ದ. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಜ್ವರ ಬಂದು ನಿರಂಜನ್ ಹೋಗಿಬಿಟ್ಟಿದ್ದ.

ಹೆಡ್‌ಮಾಸ್ಟರ್ ಪಂಚಾಕ್ಷರಪ್ಪ ಹೇಳಿ ಕಳಿಸಿದ್ದರು: ನೀವೂ ಬಿ.ಎಸ್ಸಿ. ಓದಿದವರು, ಇವತ್ತು ಮಧ್ಯಾಹ್ನ ಎಂಟನೇ ಕ್ಲಾಸಿಗೆ ಒಂದು ಪಾಠ ಮಾಡಿ ತೋರಿಸಿ, ಸರಿ ಅನಿಸಿದರೆ ಆ ಜಾಗ ನಿಮಗೇ. ಸರಿ ಅನಿಸದಿದ್ದರೆ ಏನೆಂಬುದನ್ನು ಅಣ್ಣ ಎರ್ರಿಸ್ವಾಮಿ ಮೊದಲೇ ಹೇಳಿದ್ದ. ಸಂಜೆ ಬಸ್ಸಿಗೆ ಬಂದು ಅವಳನ್ನು ಧರ್ಮಪುರಕ್ಕೆ ಕರೆದುಕೊಂಡು ಹೋಗುತ್ತಾನೆ. ಅಣ್ಣ ಒಳ್ಳೆಯವನು. ಅತ್ತಿಗೆ ದುರುಗಕ್ಕನೂ ಒಳ್ಳೆಯವಳೇ. ಆದರೆ ದುರುಗಕ್ಕ ಮಾತು ನಿಲ್ಲಿಸಿದ್ದನ್ನು ಧರ್ಮಪುರದಲ್ಲಿ ಯಾರೂ ಕಂಡಿರಲಿಲ್ಲ. ಕಾರ್ಯದ ದಿನಗಳಲ್ಲಿ ಆಕೆ ನಿದ್ದೆಯಲ್ಲೂ ಸಾರಿಗೆ ಉಪ್ಪೆಷ್ಟು ಹಾಕಬೇಕೆಂದು ಹೇಳುತ್ತಿದ್ದುದನ್ನು ಅನುಸೂಯ ಪಕ್ಕದಲ್ಲೇ ಮಲಗಿ ಕೇಳಿದ್ದಳು. ಅವಳಿಗೆ ಈಗ ಬೇಕಾಗಿದ್ದುದು ಸದ್ದಿಲ್ಲದ ಒಂದು ಮನೆ.

ಅಂಗಳದಲ್ಲಿ ಕೂತು ಅವಳು ಬಟ್ಟೆಯ ಚೀಲಕ್ಕೆ ಕಲ್ಲು ಆರಿಸಿ ತುಂಬಿದಳು. ಚೀಲದ ಜೊತೆ ಒಂದು ಕೆಜಿಯ ತೂಕದ ಬಟ್ಟು, ಆ ಕಡೆ ಎರಡು ಕೆಜಿ ಬಟ್ಟು. ತಕ್ಕಡಿ ಸಮ ನಿಂತಿತು.

ಪಕ್ಕದ ಮನೆ ಕೊಟ್ರಮ್ಮ ಗೋಡೆಯ ಮೇಲಿಂದ ಇಣುಕಿದಳು. "ಇದೇನೇ ಅನುಸೂಯ, ಕಲ್ಲು ತೂಗ್ತಾ ಕುಂತೀಯ?"

"ಪಾಠಕ್ಕೆ, ಅಕ್ಕ. ಈ ಚೀಲಾನೇ ಎಕ್ಸ್. ಎಕ್ಸ್‌ಗೆ ಒಂದು ಕೂಡಿದ್ರೆ ಎರಡು."

"ಎಕ್ಸೋ ಗಿಕ್ಸೋ. ಮೊದಲ್ನೇ ದಿನ ಕೆಲ್ಸಕ್ಕೆ ಹೋಗೋರು ಚೀಲದ ತುಂಬ ಕಲ್ಲು ಹೊತ್ಕಂಡು ಹೋಗ್ತಾರೇನು?"

"ತೂಕ ಸರಿಯಾಗೈತೆ. ಮುಟ್ಟಬ್ಯಾಡ."

"ನಾನ್ಯಾಕೆ ಮುಟ್ಟಾನ. ನೀನು ಸೀರೆ ಉಟ್ಕ ಹೋಗು."

ಅನುಸೂಯ ಒಳಗೆ ಹೋದದ್ದೇ ತಡ, ಅರ್ಧ ಕಲ್ಲು ಬಚ್ಚಲ ಸಂದಿ ಸೇರಿದವು, ದೊಡ್ಡ ದೊಡ್ಡ ಬೆಲ್ಲದ ಉಂಡೆಗಳು ಚೀಲ ಸೇರಿದವು. ಅನುಸೂಯ ಹೊರಗೆ ಬಂದಾಗ ಕೊಟ್ರಮ್ಮ ಹಾಲು ಕುಡಿದ ಬೆಕ್ಕಿನಂತೆ ನಿಂತಿದ್ದಳು. "ನಿಮ್ಮಣ್ಣನ ಪಕ್ಕದ ಮನೆ ಫೋನ್ ನಂಬರ್ ಕೊಟ್ಟಿರು. ಬೂತಿಗೆ ಹೊಂಟೀನಿ, ನೀನು ಹುಷಾರಾಗಿದೀಯ ಅಂತ ಹೇಳ್ತೀನಿ" ಎಂದಳು. ಅನುಸೂಯ ಕೊಟ್ಟಳು.

ಅಂಗಡಿಯ ಮುಂದೆ ಯತ್ತಪ್ಪ ಅಡ್ಡ ಬಂದ. "ಯಾಕಮ್ಮ, ಇಷ್ಟೆಲ್ಲ ನೀನೇ ಹೊತ್ಕಂಡು?"

"ನಿಮ್ದೇ ತಕ್ಕಡಿ, ಯತ್ತಪ್ಪಣ್ಣ. ಕೊಡೋದು ತಡ ಆತು."

"ಅದಿರ್ಲಿ, ಒಂಚೂರು ನೀರು ಕುಡಿ" ಎಂದು ಚೀಲ ಇಸಿದುಕೊಂಡ. ಒಳಗೆ ಕಲ್ಲು ಕಟಕಟ ಅಂದವು. ಬಿಚ್ಚಿ ನೋಡಿದ. ಪಾಪದ ಹುಡುಗಿಗೆ ದುಃಖ ತಲೆಗೇರಿದೆ ಎಂದುಕೊಂಡ. ಅವಳು ಲೋಟ ಎತ್ತಿ ಕುಡಿಯುವಷ್ಟರಲ್ಲಿ ಉಳಿದ ಕಲ್ಲು ಚರಂಡಿಗೆ ಸುರಿದು, ಮೊರದಲ್ಲಿದ್ದ ಶೇಂಗಾ ಬೀಜವನ್ನೆಲ್ಲ ತುಂಬಿ ಗಂಟು ಹಾಕಿದ.

ಚೀಲ ಭಾರವೆನಿಸಿತು. ಈಚೆಗೆ ಎಲ್ಲವೂ ಹಾಗೇ ಅನಿಸುತ್ತಿದ್ದುದರಿಂದ ಅನುಸೂಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶಾಲೆಯಲ್ಲಿ ಅವಳು ಚೀಲವನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು ಸೀಮೆಸುಣ್ಣ ತರಲು ಹೋದಳು. ಪಂಚಾಕ್ಷರಪ್ಪನವರಿಗೆ ಸಕ್ಕರೆ ಕಾಯಿಲೆ. ಬೆಲ್ಲದ ವಾಸನೆಯನ್ನು ಅವರು ನಾಯಿಗಿಂತ ಚೆನ್ನಾಗಿ ಹಿಡಿಯುತ್ತಿದ್ದರು. ಗಂಟು ಒಮ್ಮೆ ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಬೆಲ್ ಹೊಡೆದಾಗ ಹೆಡ್‌ಮಾಸ್ಟರು ಒಂದು ಕೆನ್ನೆ ಉಬ್ಬಿಸಿಕೊಂಡು ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು.

ಅನುಸೂಯ ಬೋರ್ಡಿನ ಮೇಲೆ ಸಮೀಕರಣ ಬರೆದಳು. "ಎಕ್ಸ್ ಕೂಡಿಸು ಒಂದು, ಸಮ ಎರಡು. ಎಕ್ಸ್ ಎಷ್ಟು?"

"ಒಂದು ಮಿಸ್" ಎಂದಿತು ಕ್ಲಾಸು.

"ನೋಡಾಣ" ಎಂದು ಅವಳು ಚೀಲವನ್ನೂ ಬಟ್ಟುಗಳನ್ನೂ ಇಟ್ಟು ತಕ್ಕಡಿ ಎತ್ತಿದಳು. ಚೀಲದ ತಟ್ಟೆ ಕೆರೆಗಿಳಿದ ಎಮ್ಮೆಯಂತೆ ಧಡಕ್ಕನೆ ಕೂತಿತು. ಎರಡು ಕೆಜಿ ಬಟ್ಟು ಅವಳ ಗಲ್ಲದ ತನಕ ಬಂತು.

ಮುಂದಿನ ಬೆಂಚಿನ ಹನುಮೇಶ್ ಎದ್ದ. "ಮಿಸ್, ಬೋರ್ಡಿನ ಎಕ್ಸೇ ಬೇರೆ, ಚೀಲದ ಎಕ್ಸೇ ಬೇರೆ ಆತಲ್ರಿ." ಹಿಂದೆ ತಿರುಗಿದ. "ಸಾರ್, ಯಾವ್ದು ಸರಿ, ನೀವೇ ಹೇಳ್ರಿ."

ಹೆಡ್‌ಮಾಸ್ಟರು ಬಾಯಿ ಬಿಡುವಂತಿರಲಿಲ್ಲ. ಬೋರ್ಡಿನತ್ತ ಕೈ ತೋರಿಸಿದರು, ಚೀಲದತ್ತ ತೋರಿಸಿದರು, ಕೊನೆಗೆ ಸೂರಿನತ್ತ ತೋರಿಸಿದರು.

ಮಕ್ಕಳು ನಗುತ್ತಿದ್ದರು. ಅನುಸೂಯಳ ಕಿವಿಯಲ್ಲಿ ಧರ್ಮಪುರದ ಸಾರು ಕುದಿಯತೊಡಗಿತು. ಅವಳು ಗಂಟು ಬಿಚ್ಚಿದಳು. ಬೆಲ್ಲ, ಶೇಂಗಾ. ಒಂದು ಕಲ್ಲೂ ಇಲ್ಲ. ಯಾವುದು ಯಾರ ಕೈಯದೆಂದು ಅವಳಿಗೆ ಹೊಳೆಯಿತು. ಬಹಳ ದಿನಗಳ ಮೇಲೆ ಅವಳ ತುಟಿ ಒಂದಿಷ್ಟು ಅಲುಗಿತು.

"ಕೇಳ್ರಿ" ಎಂದಳು. "ಮನೇಲಿ ತೂಗಿದಾಗ ಈ ಚೀಲ ಒಂದೇ ಕೆಜಿ ಇತ್ತು. ಬರೋ ದಾರೀಲಿ ಬದಲಾತು. ಈ ಕಬ್ಬಿಣದ ಬಟ್ಟೂ ಅದೇ ದಾರೀಲಿ, ಅದೇ ಜನರ ಮುಂದೆ ಬಂತು. ಇದು ಒಂದೇ ಕೆಜಿ ಉಳೀತು. ಹಿಂಗೆ ಬದಲಾಗದೇ ಇರೋದು ಸ್ಥಿರಾಂಕ. ಬೇರೆ ಬೇರೆ ಬೆಲೆ ತಗಳಾದು ಚರಾಕ್ಷರ. ಅದಕ್ಕೇ ಅದಕ್ಕೆ ಅಂಕಿ ಕೊಡಲ್ಲ, ಎಕ್ಸ್ ಅಂತೀವಿ."

"ಹಂಗಾದ್ರೆ ಬೋರ್ಡಿನ ಲೆಕ್ಕ ತಪ್ಪಾ ಮಿಸ್?"

"ತಪ್ಪಲ್ಲ. ಎಕ್ಸ್ ಏನು ಬೇಕಾದ್ರೂ ಆಗಬಹುದು. ಆದ್ರೆ ಈ ತಕ್ಕಡಿ ಸಮ ಆಗಬೇಕಂದ್ರೆ ಒಂದೇ ಆಗಬೇಕು. ಒಬ್ಬೊಬ್ರೇ ಬಂದು ಒಂದು ಹಿಡಿ ತಿನ್ರಿ. ತಕ್ಕಡಿ ಸಮ ಆದ ಕೂಡ್ಲೆ ನಿಲ್ಲಿಸ್ಬೇಕು."

ಬೀಜಗಣಿತವನ್ನು ಎಂಟನೇ ಕ್ಲಾಸು ಅಷ್ಟು ಆಸೆಯಿಂದ ಯಾವತ್ತೂ ಬಿಡಿಸಿರಲಿಲ್ಲ. ಕೊನೆಯ ಬೆಂಚಿನ ಹುಡುಗಿ ಹಿಡಿ ತೆಗೆದಾಗ ತಕ್ಕಡಿ ಸಮವಾಯಿತು. "ಎಕ್ಸ್ ಒಂದು" ಎಂದು ಎಲ್ಲರೂ ಕೂಗಿದರು. ಹೆಡ್‌ಮಾಸ್ಟರು ಕೈವಸ್ತ್ರದಿಂದ ಬಾಯಿ ಒರೆಸಿಕೊಂಡು, "ನಾಳೆಯಿಂದ ಬಂದುಬಿಡಿ. ಪಾಠ ಬಹಳ ಸಿಹಿಯಾಗಿತ್ತು" ಎಂದರು.

ಸದ್ದಿಲ್ಲದ ಮನೆಯನ್ನು ನೆನೆಯುತ್ತ ಅನುಸೂಯ ವಾಪಸ್ ಬಂದಳು. ಬಾಗಿಲು ತೆರೆದಿತ್ತು. ಜಗಲಿಯಲ್ಲಿ ಅಣ್ಣ, ಅವನ ಪಕ್ಕ ದೊಡ್ಡದೊಂದು ಹಾಸಿಗೆ ಸುರುಳಿ.

"ಅಣ್ಣ, ನಾನು ಬರಂಗಿಲ್ಲ. ಕೆಲ್ಸ ಸಿಕ್ತು."

"ಗೊತ್ತವ್ವ. ಮಧ್ಯಾಹ್ನಾನೇ ಫೋನ್ ಬಂತು."

"ಮಧ್ಯಾಹ್ನ ಇನ್ನೂ ಸಿಕ್ಕಿರ್ಲಿಲ್ಲ."

"ಸಿಕ್ಕೇ ಸಿಗ್ತೈತೆ ಅಂದ್ಲು ಕೊಟ್ರಮ್ಮಕ್ಕ. ಮನೇಲಿ ಒಬ್ಬಳೇ ಆಗ್ತಾಳೆ, ಜತೆಗೆ ಯಾರಾದ್ರೂ ಬೇಕು ಅಂದ್ಲು. ನಂಗೆ ಹೊಲದ ಕೆಲ್ಸ. ಅದಕ್ಕೆ ನಿಮ್ಮತ್ತಿಗೇನ ಕರ್ಕಂಡು ಬಂದೆ."

"ಎಷ್ಟು ದಿನಕ್ಕೆ?"

"ದಿನ ಎಂಥದು, ಇರ್ತಾಳೆ" ಎಂದ ಎರ್ರಿಸ್ವಾಮಿ. ಅವನ ಮುಖದಲ್ಲಿ ಮದುವೆಯಾದಂದಿನಿಂದ ಕಾಣದಿದ್ದ ನೆಮ್ಮದಿ ಇತ್ತು.

ಒಳಗಿನಿಂದ ದುರುಗಕ್ಕ ಎರಡು ಲೋಟ ಚಹಾ ಹಿಡಿದು ಬಂದಳು. "ಬಾರೇ, ಕುಂತ್ಕ. ಉಪ್ಪಿನ ಡಬ್ಬಿ ಒಲೆ ಹತ್ರ ಇಡ್ತಾರೇನೇ, ನೀರಾಗಲ್ವಾ, ಮ್ಯಾಲೆ ಇಟ್ಟೀನಿ, ಸಕ್ಕರೆ ಡಬ್ಬಿ ಕೆಳಗೆ..."

ಅನುಸೂಯ ಒಂದು ಲೋಟ ತೆಗೆದುಕೊಂಡಳು. ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು. ಕುಡಿದು, ತಕ್ಕಡಿಯ ತಟ್ಟೆಗಳನ್ನು ಒರೆಸಿ, ಬರಿದಾಗಿ ಕೊಡಬಾರದೆಂದು ಉಳಿದ ಬೆಲ್ಲದ ಉಂಡೆಯೊಂದನ್ನು ಅದರಲ್ಲಿಟ್ಟು ಅಂಗಡಿಗೆ ಹೋದಳು.

"ಪಾಠಕ್ಕೆ ಬೇಕಾಗ್ತೈತಲ್ಲಮ್ಮ, ಇಟ್ಕ" ಎಂದ ಯತ್ತಪ್ಪ.

"ನಂಗೆ ಬೇಕಾದ್ರೆ ನಾಳೆ ನಾನೇ ಬಂದು ಕೇಳ್ತೀನಿ, ಯತ್ತಪ್ಪಣ್ಣ. ಇದು ಅವರು ತಂದಿದ್ದು. ಒಂದು ದಿನಕ್ಕೆ ಅಂದಿದ್ರು."

ಯತ್ತಪ್ಪ ತಕ್ಕಡಿಯನ್ನು ಅದರ ಹಳೆಯ ಕೊಕ್ಕೆಗೆ ತೂಗುಹಾಕಿದ. ತಟ್ಟೆಗಳು ಒಂದಿಷ್ಟು ಹೊತ್ತು ಆಡಿ ನಿಂತವು. ಬೀದಿಯ ಆ ತುದಿಯಿಂದ ದುರುಗಕ್ಕನ ಮಾತು ಕೇಳಿಸುತ್ತಿತ್ತು. ಅದು ನಿಂತಿರಲಿಲ್ಲ.