ತುಕ್ಕು ಹಿಡಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ತುಕ್ಕು ಹಿಡಿದಿತ್ತು. ಇದು ನಾನು ಹೊರಿಸಿದ ಅಪವಾದವಲ್ಲ. ಕುಂದಾಪುರದಿಂದ ಕಿರಿಮಂಜೇಶ್ವರದವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವಳೇ ಸಾರಿಕೊಂಡು ಬಂದ ಸುದ್ದಿ!

ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ಮೀನು ಮಾರುವವಳು. ಐವತ್ತರ ಹತ್ತಿರ ಮುಟ್ಟು ನಿಂತದ್ದೇ, ಹೊತ್ತುಗೊತ್ತಿಲ್ಲದೆ ಅವಳ ಮೈ ಧಗಧಗ ಎನ್ನತೊಡಗಿತು. ಆಗೆಲ್ಲ ಮೀನಿನ ಪೆಟ್ಟಿಗೆಯಿಂದ ಐಸ್ ತೆಗೆದು ಕುತ್ತಿಗೆಗೆ ಒತ್ತಿಕೊಳ್ಳುತ್ತಿದ್ದಳು. ಐಸ್ ಮೀನಿಗೋ ನಿನಗೋ ಎಂದು ಗಿರಾಕಿಯೊಬ್ಬರು ಕೇಳಿದ್ದಕ್ಕೆ, ಇಬ್ಬರೂ ಕೆಡಬಾರದಲ್ಲ ಎಂದಳಂತೆ.

ನಾನಾಗ ಕಾಲೇಜಿನಲ್ಲಿದ್ದೆ. ಅವಳನ್ನು ಕುಂದಾಪುರದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದ ವಿವರಿಸಿದರು. ನಾವು ಉಸಿರಾಡುವ ಆಮ್ಲಜನಕ ನಮ್ಮನ್ನು ಬದುಕಿಸುವುದೂ ಹೌದು, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮೈಯನ್ನು ಒಳಗೊಳಗೇ ಸವೆಸುವುದೂ ಹೌದು. ಹೆಂಗಸರ ಹಾರ್ಮೋನು ಅದನ್ನು ಒಂದಿಷ್ಟು ತಡೆಯುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿಯುತ್ತದೆ, ಕಾವಲೂ ಸಡಿಲವಾಗುತ್ತದೆ. ಹೆದರಬೇಕಾದ್ದಿಲ್ಲ, ಸೊಪ್ಪು, ಹಣ್ಣು ತಿನ್ನಬೇಕು, ದಿನಾ ನಡೆಯಬೇಕು.

ದೊಡ್ಡಮ್ಮ ಯೋಚಿಸಿ ಕೇಳಿದಳು, "ಹಂಗಾರೆ ಉಸ್ರಾಡುದ್ ಕಮ್ಮಿ ಮಾಡ್ಕಾ ಡಾಕ್ಟ್ರೇ?"

"ಮಾತಾಡುದ್ ಕಮ್ಮಿ ಮಾಡಿ, ಸಾಕ್," ಎಂದರು ಡಾಕ್ಟರಮ್ಮ. ಅವರೂ ನಮ್ಮ ಕಡೆಯವರೇ ತಾನೆ?

ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ದೊಡ್ಡಮ್ಮ ಪಾಲಿಸಿದಳು. ಮನೆಯಲ್ಲಿ ದಿನಾ ಬಸಳೆ. ಆ ಹಾರ್ಮೋನು ತನಗೆ ಇಳಿಯುವುದಕ್ಕಿಲ್ಲ, ತನಗ್ಯಾಕೆ ಈ ಶಿಕ್ಷೆ ಎಂದು ದೊಡ್ಡಪ್ಪ ಗೊಣಗಿದರು. ಹಾಗಾದರೆ ನಿಮಗೆ ಹುಟ್ಟಿದಲ್ಲಿಂದಲೇ ತುಕ್ಕು ಎಂದು ಅವಳು ಇನ್ನೊಂದು ಸೌಟು ಬಡಿಸಿದಳು.

ಮೀನು ಖಾಲಿಯಾದ ಮೇಲೆ ಸಂಜೆ ನಮ್ಮ ಮನೆಗೆ ಬಂದು ಅಮ್ಮನನ್ನು ಸಮುದ್ರದ ದಂಡೆಗೆ ಎಳೆದುಕೊಂಡು ಹೋಗುವುದೂ ಶುರುವಾಯಿತು. ಒಬ್ಬಳೇ ನಡೆದರೆ ಜನ ಹುಚ್ಚಿ ಅನ್ನುತ್ತಾರಂತೆ! ಅಮ್ಮ ಅವಳಿಗಿಂತ ತುಂಬ ಚಿಕ್ಕವಳು. ಆ ವರ್ಷವಷ್ಟೇ ಗಡ್ಡೆಯಾಗಿ ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರು. ದೊಡ್ಡಮ್ಮನಿಗೆ ಮೆಲ್ಲಮೆಲ್ಲಗೆ ಇಳಿದ ಹಾರ್ಮೋನು ಅಮ್ಮನಿಗೆ ಒಂದೇಟಿಗೆ ನಿಂತುಹೋಗಿತ್ತು. ತಾನಿನ್ನು ಹೆಂಗಸೇ ಅಲ್ಲವೇನೋ ಎಂಬ ಹಾಗೆ, ಮದುವೆ ಮುಂಜಿಗೂ ಹೋಗದೆ ಒಳಗೇ ಕೂತಿರುತ್ತಿದ್ದಳು.

ಒಂದು ಸಂಜೆ ನಾನೂ ಜೊತೆಗೆ ಹೋದೆ. ಮರಳಿನಲ್ಲಿ ದೊಡ್ಡಮ್ಮ ಕುಂಟುತ್ತ ಹಿಂದೆ ಬಿದ್ದಳು. ಇಷ್ಟು ಮಂಡಿನೋವು ಇಟ್ಟುಕೊಂಡು ಯಾಕೆ ನಡೆಯಬೇಕು ಎಂದು ಅಮ್ಮನನ್ನು ಕೇಳಿದೆ.

ಅಮ್ಮ ದನಿ ತಗ್ಗಿಸಿದಳು. "ಅವ್ಳ್ ನಡುದ್ ಅವ್ಳಿಗಲ್ಲ, ನಾನ್ ಹೊರ್ಗ್ ಬರ್ಲಿ ಅಂದೇಳಿ. ನಂಗೆ ಗೊತ್ತಿತ್ತ್. ನೀನ್ ಅವ್ಳ್ ಹತ್ರ ಹೇಳುಕ್ ಹೋಗ್ಬೇಡ."

ಅಷ್ಟರಲ್ಲಿ ಅಮ್ಮ ಮೈಯೆಲ್ಲ ಬಿಸಿಯೇರಿ, ಬೆವರಿಳಿದು, ನಿಂತಲ್ಲೇ ನಿಂತಳು. ದೊಡ್ಡಮ್ಮ ಕುಂಟುತ್ತಲೇ ಬೇಗ ಬೇಗ ಹತ್ತಿರ ಬಂದಳು. ಬಿಸಿಲಿಗೆ ಅಡ್ಡ ನಿಂತು, ಸೆರಗಿನಿಂದ ತಂಗಿಯ ಮುಖ ಒರೆಸಿ, ಬೆವರು ಆರುವವರೆಗೂ ಗಾಳಿ ಬೀಸಿದಳು.

ಆಮೇಲೆ ಅಮ್ಮ ಅವಳ ಮೊಣಕೈ ಹಿಡಿದುಕೊಂಡಳು. "ನಂಗಿವತ್ತ್ ಸಾಕಾಯ್ತ್ ಅಕ್ಕ, ಮನಿಗ್ ಹೋಪ."

ನನಗೇನೂ ಸುಸ್ತಿಲ್ಲ, ನಿನ್ನ ಸಲುವಾಗಿ ವಾಪಸ್ ಹೋಗುತ್ತಿದ್ದೇನೆ ಎಂದ ದೊಡ್ಡಮ್ಮ, ಅಮ್ಮನ ಮೇಲೆ ಪೂರ್ತಿ ಭಾರ ಹಾಕಿ ಮನೆ ಕಡೆ ನಡೆದಳು.